ಇಮ್ಮಡಿಯ ಲೆಕ್ಕ: ಬೆಂಗಳೂರಿನ ನೀರು ಮತ್ತು ಬೆಳವಣಿಗೆಯ ಮಿತಿ

ಬೆಂಗಳೂರಿನ ಚಾಮರಾಜಪೇಟೆ 1892ರಲ್ಲಿ ರೂಪುಗೊಂಡ ಬಡಾವಣೆ. ಹಳೆಯ ಪೇಟೆಯ ಇಕ್ಕಟ್ಟಿನಿಂದ ಹೊರಬಂದು, ನೇರ ರಸ್ತೆಗಳನ್ನೂ ಅಳತೆಯ ನಿವೇಶನಗಳನ್ನೂ ಹಾಕಿಕೊಂಡು ಬೆಳೆದ ಊರಭಾಗ ಇದು. ಇದರ ಪಕ್ಕದಲ್ಲೇ ಕೆಂಪೇಗೌಡರ ಕಾಲದ ಕೆಂಪಾಂಬುಧಿ ಕೆರೆ ಇದೆ. ಬಾವಿ ಮತ್ತು ಕೆರೆಗಳೇ ನೀರಿನ ಆಸರೆಯಾಗಿದ್ದ ದಿನಗಳಲ್ಲಿ ಮನೆಗೂ ನೀರಿನ ಮೂಲಕ್ಕೂ ಇದ್ದ ಅಂತರ ಕಾಲ್ನಡಿಗೆಯಷ್ಟು ಮಾತ್ರ.

ಅನಂತರ ಈ ಅಂತರ ಬೆಳೆಯುತ್ತಾ ಹೋಯಿತು. 1894ರಲ್ಲಿ ಅರ್ಕಾವತಿ ನದಿಯ ಹೆಸರಘಟ್ಟ ಜಲಾಶಯ ಸಿದ್ಧವಾಯಿತು. ದೂರ ಸುಮಾರು 20 ಕಿಲೋಮೀಟರ್. 1933ರಲ್ಲಿ ಅದೇ ನದಿಗೆ ಕುಮುದ್ವತಿ ಸೇರುವಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು. ದೂರ ಸುಮಾರು 30 ಕಿಲೋಮೀಟರ್. 1974ರಲ್ಲಿ ಕಾವೇರಿ ನೀರಿನ ಮೊದಲ ಹಂತ ಆರಂಭವಾಯಿತು. ದೂರ ಸುಮಾರು 100 ಕಿಲೋಮೀಟರ್. ಹೆಸರಘಟ್ಟ ಇಂದು ನಗರದ ನೀರಿನ ಆಧಾರವಾಗಿ ಉಳಿದಿಲ್ಲ. ತಿಪ್ಪಗೊಂಡನಹಳ್ಳಿಯಿಂದ ನಗರಕ್ಕೆ ನೀರೆತ್ತುವುದು 2012ರ ವೇಳೆಗೆ ನಿಂತುಹೋಯಿತು. ಹತ್ತಿರದ ಮೂಲ ಸಾಲದಾದಾಗ ದೂರದ್ದನ್ನು ಹುಡುಕಿದೆವು. ದೂರದ್ದು ಬಂದಮೇಲೆ ಹತ್ತಿರದ್ದನ್ನು ಕಾಪಾಡಿಕೊಳ್ಳಲಿಲ್ಲ.

ಆರ್ಥಿಕ ಬೆಳವಣಿಗೆ, ಭೂಮಿಯ ಮಿತಿಗಳು, ಸುಸ್ಥಿರ ಭವಿಷ್ಯ ಮುಂತಾದ ಮಾತುಗಳನ್ನು ಪಠ್ಯಪುಸ್ತಕಗಳಲ್ಲಿ ಓದುತ್ತೇವೆ. ಅವು ಬಹುಮಟ್ಟಿಗೆ ಅಮೂರ್ತವಾಗಿಯೇ ಉಳಿಯುತ್ತವೆ. ನಮ್ಮ ನಲ್ಲಿಯ ನೀರನ್ನೇ ಹಿಡಿದು ಲೆಕ್ಕ ಹಾಕಿದರೆ ಅವುಗಳ ಅರ್ಥ ಸ್ಪಷ್ಟವಾಗುತ್ತದೆ. ಬೇಕಾದ ಗಣಿತ ಪ್ರೌಢಶಾಲೆಯ ಮಟ್ಟದ್ದೇ.

ಒಂದು ಬಕೆಟ್ ನೀರಿನ ಶಕ್ತಿ

ಕಾವೇರಿಯ ನೀರು ಶಿವನಸಮುದ್ರದ ಬಳಿಯಿಂದ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಗೆ ಬಂದು ಶುದ್ಧಿಯಾಗುತ್ತದೆ. ಅಲ್ಲಿಂದ ಹಾರೋಹಳ್ಳಿ, ಅಲ್ಲಿಂದ ತಾತಗುಣಿ, ಹೀಗೆ ಮೂರು ಪಂಪಿಂಗ್ ಹಂತಗಳನ್ನು ದಾಟಿ ಬೆಂಗಳೂರನ್ನು ಮುಟ್ಟುತ್ತದೆ. ನದಿ ಕೆಳಗಿದೆ, ನಗರ ಮೇಲಿದೆ. ಈ ಹಾದಿಯಲ್ಲಿ ಪಂಪುಗಳು ಒಟ್ಟು ಸುಮಾರು 500 ಮೀಟರ್ ಎತ್ತರಕ್ಕೆ ಸಮನಾದ ಒತ್ತಡದ ವಿರುದ್ಧ ನೀರನ್ನು ತಳ್ಳಬೇಕು.

ಒಂದು ವಸ್ತುವನ್ನು ಮೇಲೆತ್ತಲು ಬೇಕಾದ ಶಕ್ತಿ ಎಂದರೆ ರಾಶಿ, ಗುರುತ್ವ ವೇಗೋತ್ಕರ್ಷ ಮತ್ತು ಎತ್ತರ ಇವುಗಳ ಗುಣಲಬ್ಧ. ಸಾವಿರ ಲೀಟರ್ ನೀರಿನ ರಾಶಿ 1000 ಕಿಲೋಗ್ರಾಂ. ಆದ್ದರಿಂದ

1000 × 9.8 × 500 = 49 ಲಕ್ಷ ಜೂಲ್.

ನಾವು ವಿದ್ಯುತ್ ಬಿಲ್ಲಿನಲ್ಲಿ ನೋಡುವ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಅಂದರೆ ಆದರ್ಶ ಸ್ಥಿತಿಯಲ್ಲಿ ಸಾವಿರ ಲೀಟರಿಗೆ 1.36 ಯೂನಿಟ್ ಬೇಕು. ಪಂಪು ಮತ್ತು ಮೋಟಾರುಗಳ ಒಟ್ಟು ದಕ್ಷತೆ ಶೇಕಡ 75 ಎಂದು ಇಟ್ಟುಕೊಂಡರೆ ಇದು ಸುಮಾರು 1.8 ಯೂನಿಟ್ ಆಗುತ್ತದೆ. ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನು ಬೆಂಗಳೂರಿಗೆ ತರಲು ತಗಲುವ ಶಕ್ತಿಯಿಂದ 10 ವ್ಯಾಟಿನ ಎಲ್‌ಇಡಿ ದೀಪವನ್ನು ಮೂರೂವರೆ ಗಂಟೆ ಉರಿಸಬಹುದು. ಮಗ್ಗಿನಿಂದ ಸುರಿದುಕೊಳ್ಳುವಾಗ ಇದು ನಮ್ಮ ಗಮನಕ್ಕೆ ಬಾರದು.

ಈಗ ಇಡೀ ನಗರದ ಲೆಕ್ಕ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತವೂ ಸೇರಿ ಕಾವೇರಿ ಯೋಜನೆಯ ಒಟ್ಟು ಸಾಮರ್ಥ್ಯ ದಿನಕ್ಕೆ ಸುಮಾರು 222 ಕೋಟಿ ಲೀಟರ್. ಅಷ್ಟನ್ನೂ ಎತ್ತಿದರೆ ದಿನಕ್ಕೆ ಸುಮಾರು 40 ಲಕ್ಷ ಯೂನಿಟ್ ವಿದ್ಯುತ್ತು ಬೇಕು. ಇದನ್ನು 24 ಗಂಟೆಗಳಿಗೆ ಹಂಚಿದರೆ ಹಗಲಿರುಳು ನಿಲ್ಲದ ಸುಮಾರು 165 ಮೆಗಾವ್ಯಾಟ್ ಸಾಮರ್ಥ್ಯ.

ಇಲ್ಲಿ ಚರಿತ್ರೆಯ ಒಂದು ವಿಪರ್ಯಾಸವನ್ನು ಗಮನಿಸಬೇಕು. 1902ರಲ್ಲಿ ಇದೇ ಶಿವನಸಮುದ್ರದಲ್ಲಿ ಧುಮ್ಮಿಕ್ಕುವ ಕಾವೇರಿಯಿಂದ ವಿದ್ಯುತ್ತನ್ನು ಉತ್ಪಾದಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಲಾಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಅದೇ ವಿದ್ಯುತ್ತಿನಿಂದ ಬೆಳಗಿದವು. ಕಾಲಕ್ರಮದಲ್ಲಿ ವಿಸ್ತರಣೆಗೊಂಡ ಆ ವಿದ್ಯುದಾಗಾರದ ಸಾಮರ್ಥ್ಯ 42 ಮೆಗಾವ್ಯಾಟ್. ಬೀಳುವ ನದಿ ಅಂದು ನಗರಕ್ಕೆ ಬೆಳಕು ಕೊಟ್ಟಿತು. ಇಂದು ಅದೇ ನದಿಯನ್ನು ನಗರಕ್ಕೆ ಹತ್ತಿಸಲು ಅಂಥ ನಾಲ್ಕು ವಿದ್ಯುದಾಗಾರಗಳು ಬೇಕು.

ಘಾತೀಯ ವೃದ್ಧಿ ಎಂದರೇನು?

ಪ್ರತಿ ವರ್ಷವೂ ಒಂದೇ ಪರಿಮಾಣ ಸೇರುತ್ತಾ ಹೋದರೆ ಅದು ರೇಖೀಯ ವೃದ್ಧಿ. ಪ್ರತಿ ವರ್ಷವೂ ಒಂದೇ ಶೇಕಡಾವಾರು ಸೇರುತ್ತಾ ಹೋದರೆ ಅದು ಘಾತೀಯ ವೃದ್ಧಿ. ಆರ್ಥಿಕ ಬೆಳವಣಿಗೆಯನ್ನು ನಾವು ಯಾವಾಗಲೂ ಶೇಕಡಾವಾರಿನಲ್ಲೇ ಹೇಳುತ್ತೇವೆ. ಆದ್ದರಿಂದ ಅದು ಎರಡನೆಯ ಬಗೆಯದು.

ಘಾತೀಯ ವೃದ್ಧಿಯ ಸ್ವಭಾವವನ್ನು ತಿಳಿಯಲು ಒಂದು ಸುಲಭ ಸೂತ್ರವಿದೆ. 70ನ್ನು ಶೇಕಡಾವಾರು ದರದಿಂದ ಭಾಗಿಸಿದರೆ ಇಮ್ಮಡಿಯಾಗಲು ಬೇಕಾದ ವರ್ಷಗಳು ಸಿಗುತ್ತವೆ. 70 ಎಲ್ಲಿಂದ ಬಂತು? 2ರ ಸ್ವಾಭಾವಿಕ ಲಾಗರಿದಮ್ 0.693; ಅದನ್ನು ನೂರರಿಂದ ಗುಣಿಸಿ ಸಮೀಪದ ಹತ್ತಕ್ಕೆ ತಂದದ್ದು 70. ಶೇಕಡ 7ರ ದರದಲ್ಲಿ ಬೆಳೆಯುವ ಜಿಡಿಪಿ 10 ವರ್ಷಗಳಲ್ಲಿ ಇಮ್ಮಡಿ, 20 ವರ್ಷಗಳಲ್ಲಿ ನಾಲ್ಕುಪಟ್ಟು, 40 ವರ್ಷಗಳಲ್ಲಿ ಹದಿನಾರುಪಟ್ಟು ಆಗುತ್ತದೆ.

ಬೆಂಗಳೂರಿನ ಜನಸಂಖ್ಯೆಯನ್ನು ನೋಡೋಣ. ಜನಗಣತಿಗಳ ಪ್ರಕಾರ 1901ರಲ್ಲಿ ಸುಮಾರು 1.6 ಲಕ್ಷ, 1941ರಲ್ಲಿ 4.1 ಲಕ್ಷ, 1971ರಲ್ಲಿ 16.6 ಲಕ್ಷ, 2011ರಲ್ಲಿ 85 ಲಕ್ಷ. ಮೊದಲ ನಲವತ್ತು ವರ್ಷಗಳಲ್ಲಿ ಇಮ್ಮಡಿಯಾಗಲು ಸುಮಾರು 30 ವರ್ಷ ಬೇಕಾಗಿತ್ತು. 1971ರಿಂದ 2011ರವರೆಗಿನ ನಲವತ್ತು ವರ್ಷಗಳಲ್ಲಿ ಅದು ಸುಮಾರು 17 ವರ್ಷಕ್ಕೆ ಇಳಿಯಿತು.

ಕಾವೇರಿ ಯೋಜನೆಯ ಹಂತಗಳಲ್ಲೂ ಇದೇ ಚಿತ್ರ ಕಾಣುತ್ತದೆ. 1974ರ ಮೊದಲ ಹಂತ ತಂದದ್ದು ದಿನಕ್ಕೆ 13.5 ಕೋಟಿ ಲೀಟರ್. ಎಂಬತ್ತರ ದಶಕದ ಎರಡನೆಯ ಹಂತ ಮತ್ತೆ ಅಷ್ಟೇ. 1993ರ ಮೂರನೆಯ ಹಂತ ಸುಮಾರು ಅದರ ಇಮ್ಮಡಿ. 2012ರಲ್ಲಿ ಮುಗಿದ ನಾಲ್ಕನೆಯ ಹಂತದ ಎರಡನೆಯ ಘಟ್ಟ ಸುಮಾರು 50 ಕೋಟಿ. 2024ರ ಐದನೆಯ ಹಂತ 77.5 ಕೋಟಿ. ಐದನೆಯ ಹಂತವೊಂದೇ ಮೊದಲ ಮೂರು ಹಂತಗಳ ಒಟ್ಟು ಮೊತ್ತವನ್ನು ಮೀರಿಸುತ್ತದೆ. ಘಾತೀಯ ವೃದ್ಧಿಯ ಗುರುತೇ ಇದು: ಪ್ರತಿ ಇಮ್ಮಡಿಯಲ್ಲೂ ಹೊಸದಾಗಿ ಸೇರಬೇಕಾದದ್ದು ಅದುವರೆಗೆ ಇದ್ದ ಎಲ್ಲದಕ್ಕೂ ಸಮ.

ನದಿ ಎಷ್ಟು ಇಮ್ಮಡಿಗಳನ್ನು ತಾಳೀತು?

ಐವತ್ತು ವರ್ಷಗಳಲ್ಲಿ ಕಾವೇರಿಯಿಂದ ಎತ್ತುವ ಸಾಮರ್ಥ್ಯ 13.5 ಕೋಟಿಯಿಂದ 222 ಕೋಟಿ ಲೀಟರಿಗೆ ಏರಿದೆ. ಅಂದರೆ ಹದಿನಾರುಪಟ್ಟು, ನಾಲ್ಕು ಬಾರಿ ಇಮ್ಮಡಿ. ಒಂದೊಂದು ಇಮ್ಮಡಿಗೆ ಸರಾಸರಿ ಹನ್ನೆರಡೂವರೆ ವರ್ಷ. ಇದೇ ವೇಗ ಮುಂದುವರಿದರೆ ಏನಾಗುತ್ತದೆ? ಇದು ಭವಿಷ್ಯವಾಣಿಯಲ್ಲ, ಇದೇ ದಾರಿಯಲ್ಲಿ ನಡೆದರೆ ಎಲ್ಲಿಗೆ ತಲಪುತ್ತೇವೆ ಎಂಬುದರ ಅಂಕಗಣಿತ.

ನದಿನೀರಿನ ವಿವಾದಗಳಲ್ಲಿ ಬಳಸುವ ಅಳತೆ ಟಿಎಂಸಿ. ನೂರು ಕೋಟಿ ಘನ ಅಡಿ ಎಂದು ಅದರ ಅರ್ಥ; ಸುಮಾರು 2.83 ಕೋಟಿ ಘನ ಮೀಟರ್. ದಿನಕ್ಕೆ 222 ಕೋಟಿ ಲೀಟರ್ ಎಂದರೆ ವರ್ಷಕ್ಕೆ ಸುಮಾರು 29 ಟಿಎಂಸಿ. ಕಾವೇರಿ ಕಣಿವೆಯ ಒಟ್ಟು ನೀರನ್ನು ನ್ಯಾಯಾಧಿಕರಣವು 740 ಟಿಎಂಸಿ ಎಂದು ಲೆಕ್ಕ ಹಾಕಿತು. ಅದರಲ್ಲಿ ಕರ್ನಾಟಕದ ಪಾಲು 2018ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 284.75 ಟಿಎಂಸಿ.

ಹನ್ನೆರಡೂವರೆ ವರ್ಷಕ್ಕೊಮ್ಮೆ ಇಮ್ಮಡಿಯಾದರೆ 29 ಟಿಎಂಸಿ 57 ಆಗುತ್ತದೆ, 115 ಆಗುತ್ತದೆ, 230 ಆಗುತ್ತದೆ. 2065ರ ಸುಮಾರಿಗೆ ಕರ್ನಾಟಕದ ಇಡೀ ಪಾಲು ಬೆಂಗಳೂರೊಂದಕ್ಕೇ ಬೇಕಾಗುತ್ತದೆ. ಮಂಡ್ಯದ ಗದ್ದೆಗೆ, ಮೈಸೂರಿನ ನಲ್ಲಿಗೆ ಒಂದು ಹನಿಯೂ ಉಳಿಯುವುದಿಲ್ಲ. ಅಲ್ಲಿಂದ ಕೇವಲ 17 ವರ್ಷಗಳಲ್ಲಿ, ಅಂದರೆ 2082ರ ಸುಮಾರಿಗೆ, ಇಡೀ ಕಣಿವೆಯ ಒಟ್ಟು 740 ಟಿಎಂಸಿಯೂ ಮುಗಿಯುತ್ತದೆ. ಇಂದು ಒಂದನೆಯ ತರಗತಿಯಲ್ಲಿ ಕುಳಿತಿರುವ ಮಗು ಅಷ್ಟರಲ್ಲಿ ಮೊಮ್ಮಕ್ಕಳನ್ನು ಕಂಡಿರಬಹುದು, ಅಷ್ಟೆ.

ಈ ಲೆಕ್ಕಕ್ಕೆ ಒಂದು ಆಕ್ಷೇಪ ಬರಬಹುದು. 1974ರಲ್ಲಿ ಅರ್ಕಾವತಿಯ ನೀರೂ ಬರುತ್ತಿತ್ತು; ಅದು ನಿಂತದ್ದರಿಂದ ಕಾವೇರಿಯ ಮೇಲಿನ ಭಾರ ಹೆಚ್ಚಿ ಕಾಣುತ್ತದೆ ಎಂದು. ಆಕ್ಷೇಪ ಸರಿಯಾದದ್ದೇ. ಹಾಗಾದರೆ ನೀರಿನ ಬೇಡಿಕೆ ಜನಸಂಖ್ಯೆಯಷ್ಟೇ ವೇಗದಲ್ಲಿ, 17 ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ ಎಂದುಕೊಳ್ಳೋಣ. ಆಗ ರಾಜ್ಯದ ಪಾಲು ಮುಗಿಯುವುದು 2065ರ ಬದಲು 2080ರ ಸುಮಾರಿಗೆ. ಗಡಿ ಹದಿನೈದು ವರ್ಷ ಮುಂದೆ ಸರಿಯಿತೇ ಹೊರತು ಮಾಯವಾಗಲಿಲ್ಲ.

ಇನ್ನೊಂದು ಹೋಲಿಕೆ. ದಶಕಗಳ ವ್ಯಾಜ್ಯದ ಬಳಿಕ 2018ರ ತೀರ್ಪಿನಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆಂದು ಕರ್ನಾಟಕಕ್ಕೆ 4.75 ಟಿಎಂಸಿ ಹೆಚ್ಚುವರಿಯಾಗಿ ದೊರೆಯಿತು. ಇಂದಿನ ಮಟ್ಟದಲ್ಲಿ, ಹಳೆಯ ವೇಗದಲ್ಲಿ, ಅದು ಮೂರು ವರ್ಷದ ಬೆಳವಣಿಗೆಗೂ ಸಾಲದು.

ದಕ್ಷತೆ ಎಷ್ಟು ಕಾಲ ಕಾಯುತ್ತದೆ?

ತಂತ್ರಜ್ಞಾನ ಸುಧಾರಿಸುತ್ತದೆ, ಆಗ ಸಮಸ್ಯೆ ಬಗೆಹರಿಯುತ್ತದೆ ಎಂಬ ಮಾತನ್ನು ಕೇಳುತ್ತೇವೆ. ಇದನ್ನೂ ಲೆಕ್ಕಕ್ಕೆ ಒಡ್ಡೋಣ. ಪಂಪುಗಳ ದಕ್ಷತೆಯನ್ನು ಶೇಕಡ 75ರಿಂದ 90ಕ್ಕೆ ಏರಿಸಿದೆವು ಎನ್ನಿ. ಅದೇ ವಿದ್ಯುತ್ತಿನಲ್ಲಿ 1.2 ಪಟ್ಟು ನೀರೆತ್ತಬಹುದು. ಹನ್ನೆರಡೂವರೆ ವರ್ಷದ ಇಮ್ಮಡಿಯ ವೇಗದಲ್ಲಿ ಈ ಉಳಿತಾಯ ಮೂರು ವರ್ಷ ಚಿಲ್ಲರೆಯಲ್ಲಿ ಕರಗುತ್ತದೆ. ಅಲ್ಲಿಂದಾಚೆಗೆ ಏರಲು ಹೆಚ್ಚು ಜಾಗವಿಲ್ಲ. ನೂರನ್ನು ಮೀರುವುದನ್ನು ಶಕ್ತಿಯ ಸಂರಕ್ಷಣಾ ನಿಯಮ ಒಪ್ಪುವುದಿಲ್ಲ.

ಕೊಳವೆಗಳಲ್ಲಿ ಕಾಲುಭಾಗ ನೀರು ಸೋರುತ್ತದೆ ಎಂದಿಟ್ಟುಕೊಳ್ಳೋಣ. ಒಂದು ಹನಿಯೂ ಸೋರದಂತೆ ಮಾಡಿದರೆ ದೊರೆಯುವ ಕಾಲಾವಕಾಶ ಸುಮಾರು ಐದು ವರ್ಷ. ಬಳಸಿದ ನೀರಿನ ಅರ್ಧವನ್ನು ಶುದ್ಧಗೊಳಿಸಿ ಮತ್ತೆ ಬಳಸಿದರೆ ಲಾಭ ದೊಡ್ಡದು. ಒಂದು ಲೀಟರ್ ಮೊದಲು ಒಂದು, ಆಮೇಲೆ ಅರ್ಧ, ಆಮೇಲೆ ಕಾಲು ಲೀಟರ್ ಆಗಿ ಮರಳುತ್ತದೆ. ಈ ಗುಣೋತ್ತರ ಶ್ರೇಢಿಯ ಮೊತ್ತ 2. ಅಂದರೆ ಒಂದು ಪೂರ್ಣ ಇಮ್ಮಡಿ, ಹನ್ನೆರಡೂವರೆ ವರ್ಷ.

ಇವೆಲ್ಲವೂ ಮಾಡಲೇಬೇಕಾದ ಕೆಲಸಗಳು. ಆದರೆ ಇವುಗಳ ಒಂದು ಸಾಮಾನ್ಯ ಲಕ್ಷಣವನ್ನು ಮರೆಯಬಾರದು. ಇವು ಒಮ್ಮೆ ಮಾತ್ರ ದೊರೆಯುವ ಲಾಭಗಳು. ಘಾತೀಯ ವೃದ್ಧಿಯೋ ಪ್ರತಿ ವರ್ಷ ಬಂದು ಬಾಗಿಲು ತಟ್ಟುವಂಥದ್ದು. ಜೊತೆಗೆ ಇನ್ನೊಂದು ತೊಡಕಿದೆ. 1865ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಎಂಬ ಅರ್ಥಶಾಸ್ತ್ರಜ್ಞ ಒಂದು ಸಂಗತಿಯನ್ನು ಎತ್ತಿ ತೋರಿಸಿದ. ಉಗಿಯಂತ್ರಗಳ ದಕ್ಷತೆ ಹೆಚ್ಚಿದಂತೆ ಕಲ್ಲಿದ್ದಲಿನ ಬಳಕೆ ಕಡಿಮೆಯಾಗಲಿಲ್ಲ. ಯಂತ್ರ ಅಗ್ಗವಾದ್ದರಿಂದ ಅದನ್ನು ಇನ್ನಷ್ಟು ಕಡೆ ಬಳಸಿ ಒಟ್ಟು ಬಳಕೆ ಏರಿತು. ದಕ್ಷತೆಯಿಂದ ಉಳಿದದ್ದನ್ನು ಉಳಿಸಿಯೇ ಇಡುತ್ತೇವೆ ಎಂಬ ನಿರ್ಧಾರ ಬೇರೆಯಾಗಿಯೇ ಆಗಬೇಕು.

ಸೌರಶಕ್ತಿ ಈ ಮಿತಿಯನ್ನು ನೀಗುತ್ತದೆಯೇ? ನಮ್ಮಲ್ಲಿ ಒಂದು ಮೆಗಾವ್ಯಾಟ್ ಸೌರಫಲಕಗಳು ದಿನಕ್ಕೆ ಸರಾಸರಿ 4500 ಯೂನಿಟ್ ಕೊಡುತ್ತವೆಂದು ಹಿಡಿದರೆ, ಬೆಂಗಳೂರಿನ ನೀರೆತ್ತುವ ಕೆಲಸಕ್ಕೇ ಸುಮಾರು 900 ಮೆಗಾವ್ಯಾಟ್ ಫಲಕಗಳು ಬೇಕು. ಪಾವಗಡದ ಸೌರ ಉದ್ಯಾನದ ಸಾಮರ್ಥ್ಯ 2050 ಮೆಗಾವ್ಯಾಟ್. ಅದು ಹರಡಿಕೊಂಡಿರುವುದು ಸುಮಾರು 13,000 ಎಕರೆಗಳಲ್ಲಿ. ಅಂದರೆ ನಮ್ಮ ನೀರಿಗಾಗಿ ಐದಾರು ಸಾವಿರ ಎಕರೆ ನೆಲ. ಇದು ಸಾಧ್ಯವಾದದ್ದೇ, ಕಲ್ಲಿದ್ದಲಿಗಿಂತ ಎಷ್ಟೋ ಮೇಲು. ಆದರೆ ಇಮ್ಮಡಿಯಾದಂತೆಲ್ಲ ನೆಲವೂ ಇಮ್ಮಡಿಯಾಗಬೇಕು. ಬತ್ತಿದ ನದಿಯನ್ನು ಸೌರಫಲಕ ತುಂಬಿಸದು.

ಭೂಮಿಯೆಂಬ ದೊಡ್ಡ ಕೆರೆ

ಒಂದು ನಗರಕ್ಕೂ ಒಂದು ನದಿಗೂ ಇರುವ ಈ ಸಂಬಂಧವೇ ಮಾನವಕುಲಕ್ಕೂ ಭೂಮಿಗೂ ಇದೆ. ಅಮೆರಿಕದ ಎಂಐಟಿಯ ಸಂಶೋಧಕರು ಜನಸಂಖ್ಯೆ, ಕೈಗಾರಿಕೆ, ಆಹಾರ, ಸಂಪನ್ಮೂಲ ಮತ್ತು ಮಾಲಿನ್ಯಗಳನ್ನು ಒಂದೇ ಗಣಕ ಮಾದರಿಯಲ್ಲಿ ಹೆಣೆದು 1972ರಲ್ಲಿ ‘ಬೆಳವಣಿಗೆಯ ಮಿತಿಗಳು’ ಎಂಬ ವರದಿಯನ್ನು ಪ್ರಕಟಿಸಿದರು. ಪ್ರವೃತ್ತಿಗಳು ಹಾಗೆಯೇ ಮುಂದುವರಿದರೆ ನೂರು ವರ್ಷಗಳೊಳಗೆ ಬೆಳವಣಿಗೆ ಮಿತಿಯನ್ನು ಮುಟ್ಟುತ್ತದೆ ಎಂಬುದು ಅದರ ಸಾರ. 2009ರಲ್ಲಿ ಯೋಹಾನ್ ರಾಕ್‌ಸ್ಟ್ರೋಮ್ ಮತ್ತು ಸಂಗಡಿಗರು ಭೂಮಿಯ ಸ್ಥಿರತೆಯನ್ನು ಕಾಯುವ ಒಂಬತ್ತು ಗಡಿಗಳನ್ನು ಗುರುತಿಸಿದರು. ಹವಾಮಾನ, ಜೀವವೈವಿಧ್ಯ, ಸಿಹಿನೀರು, ಸಾರಜನಕ ಮತ್ತು ರಂಜಕದ ಚಕ್ರಗಳು ಅವುಗಳಲ್ಲಿ ಕೆಲವು. 2023ರ ಮೌಲ್ಯಮಾಪನದ ಪ್ರಕಾರ ಒಂಬತ್ತರಲ್ಲಿ ಆರನ್ನು ದಾಟಿಯಾಗಿದೆ. ದಾಟಿದವುಗಳಲ್ಲಿ ಸಿಹಿನೀರೂ ಒಂದು.

ಶಕ್ತಿಯ ಬಗ್ಗೆ ಒಂದು ಲೆಕ್ಕ ಹಾಕಿ ನೋಡೋಣ. ಜಗತ್ತು ಇಂದು ಬಳಸುವ ಶಕ್ತಿಯ ಸರಾಸರಿ ದರ ಸುಮಾರು 20 ಲಕ್ಷ ಕೋಟಿ ವ್ಯಾಟ್. ಸೂರ್ಯನಿಂದ ಭೂಮಿಗೆ ಬರುವುದು ಇದರ ಸುಮಾರು 8700 ಪಟ್ಟು. ಎಷ್ಟೊಂದು ದೊಡ್ಡ ಅಂತರ! ಆದರೆ ಶೇಕಡ 2.3ರ ಸಾಧಾರಣ ದರದಲ್ಲಿ ಬಳಕೆ ಏರಿದರೂ 30 ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಹದಿಮೂರು ಇಮ್ಮಡಿಗಳಲ್ಲಿ, ಅಂದರೆ ಸುಮಾರು 400 ವರ್ಷಗಳಲ್ಲಿ, ಭೂಮಿಯ ಮೇಲೆ ಬೀಳುವ ಬಿಸಿಲನ್ನೆಲ್ಲ ಹಿಡಿದರೂ ಸಾಲದಾಗುತ್ತದೆ. ಕೆಂಪೇಗೌಡರು 1537ರಲ್ಲಿ ಬೆಂಗಳೂರನ್ನು ಕಟ್ಟಿ ಇದಕ್ಕಿಂತ ಹೆಚ್ಚು ವರ್ಷಗಳಾಗಿವೆ.

ಬೇಡಿಕೆಗೆ ಕೊನೆಯಿಲ್ಲ, ಅಗತ್ಯಕ್ಕೆ ಕೊನೆಯಿದೆ

ಹಾಗಾದರೆ ಬೆಳವಣಿಗೆಯೇ ಬೇಡವೇ? ಈ ಪ್ರಶ್ನೆಗೆ ಉತ್ತರಿಸುವಾಗ ಎಚ್ಚರ ಬೇಕು. ನಲ್ಲಿಯೇ ಇಲ್ಲದ ಮನೆಗೆ ನೀರು ಹೆಚ್ಚಲೇಬೇಕು. 2024ರ ಬೇಸಿಗೆಯಲ್ಲಿ ನಗರದ ಹೊರವಲಯಗಳಲ್ಲಿ ಕೊಳವೆಬಾವಿಗಳು ಬತ್ತಿ, ಜನ ಟ್ಯಾಂಕರಿಗಾಗಿ ಕಾದರು. ಮಿತಿಯ ಬಿಸಿ ಮೊದಲು ತಟ್ಟುವುದು ಬಡವರಿಗೆ. ಅವರಿಗೆ ‘ಕಡಿಮೆ ಬಳಸಿ’ ಎಂದು ಉಪದೇಶ ಮಾಡುವುದು ವಿಜ್ಞಾನವೂ ಅಲ್ಲ, ನ್ಯಾಯವೂ ಅಲ್ಲ.

ಆದರೆ ಮನುಷ್ಯನ ಅಗತ್ಯಕ್ಕೆ ಒಂದು ಅಳತೆಯಿದೆ. ಒಳಚರಂಡಿ ಇರುವ ನಗರಗಳಿಗೆ ನಮ್ಮ ದೇಶದಲ್ಲಿ ಒಪ್ಪಿಕೊಂಡ ಮಾನದಂಡ ತಲೆಗೆ ದಿನಕ್ಕೆ 135 ಲೀಟರ್. ನಗರದ ಜನಸಂಖ್ಯೆಯನ್ನು ಅಂದಾಜು 1.4 ಕೋಟಿ ಎಂದು ಹಿಡಿದು 222 ಕೋಟಿ ಲೀಟರನ್ನು ಹಂಚಿದರೆ ತಲೆಗೆ ಸುಮಾರು 159 ಲೀಟರ್ ಬರುತ್ತದೆ. ಕಾಲುಭಾಗ ಸೋರಿದರೆ 119 ಉಳಿಯುತ್ತದೆ. ಅಂದರೆ ಕೊರತೆಗೂ ಸಾಕೆಂಬುದಕ್ಕೂ ನಡುವೆ ಇರುವುದು ಇನ್ನೊಂದು ನದಿಯಲ್ಲ; ಸೋರುವ ಕೊಳವೆ ಮತ್ತು ಸಮನಲ್ಲದ ಹಂಚಿಕೆ.

ಆಕಾಶದಿಂದ ಬರುವುದನ್ನೂ ಸೇರಿಸೋಣ. ನಗರದ ಸರಾಸರಿ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. ಸುಮಾರು 700 ಚದರ ಕಿಲೋಮೀಟರ್ ನಗರದ ಮೇಲೆ ಸುರಿಯುವ ಮಳೆ 24 ಟಿಎಂಸಿ. ಕಾವೇರಿಯಿಂದ ಎತ್ತಿ ತರುವ 29ಕ್ಕೆ ಅದು ಹೆಚ್ಚು ದೂರವಿಲ್ಲ; ಅದೂ ಪಂಪಿನ ಹಂಗಿಲ್ಲದೆ ಮನೆಯ ಮಾಳಿಗೆಗೇ ಬರುತ್ತದೆ. ಎಲ್ಲವನ್ನೂ ಹಿಡಿಯಲು ಆಗದು, ಹಿಡಿಯಲೂ ಬಾರದು. ನೆಲಕ್ಕೂ ಹಳ್ಳಕ್ಕೂ ಅದರ ಪಾಲು ಸಲ್ಲಬೇಕು. ಆದರೆ ನೂರು ಚದರ ಮೀಟರ್ ಮಾಳಿಗೆಯಿಂದ ನೂರಕ್ಕೆ ಎಂಬತ್ತರಷ್ಟನ್ನು ಹಿಡಿದರೂ ವರ್ಷಕ್ಕೆ ಸುಮಾರು 77,000 ಲೀಟರ್. ಬೆಂಗಳೂರಿನಲ್ಲಿ ಮಳೆನೀರು ಸಂಗ್ರಹಕ್ಕೆ 2009ರಿಂದ ಕಾಯಿದೆಯ ಬಲವೂ ಇದೆ. ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಗಳ ಸಂಸ್ಕರಿಸಿದ ನೀರು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಒಂದು ಊರಿನ ಕೊಳಚೆ ಇನ್ನೊಂದು ಊರಿನ ಅಂತರ್ಜಲವಾಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ; ಸಂಸ್ಕರಣೆಯ ಗುಣಮಟ್ಟದ ಮೇಲೆ ಸದಾ ಕಣ್ಣಿರಬೇಕು ಎಂಬ ಷರತ್ತಿನೊಡನೆ.

ಸುಸ್ಥಿರತೆ ಎಂದರೆ ನಿಂತ ನೀರಲ್ಲ. ಕೆರೆಯೊಂದಕ್ಕೆ ಬರುವ ನೀರೂ ಹೊರಹೋಗುವ ನೀರೂ ಸಮನಾಗಿದ್ದರೆ ಅದರ ಮಟ್ಟ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಆದರೆ ಅದರಲ್ಲಿ ಮೀನು ಬೆಳೆಯುತ್ತದೆ, ಹಕ್ಕಿ ಬರುತ್ತದೆ. ಭೌತವಿಜ್ಞಾನದಲ್ಲಿ ಇದನ್ನು ಸ್ಥಾಯಿ ಸ್ಥಿತಿ ಎನ್ನುತ್ತೇವೆ. ಎತ್ತುವ ನೀರು, ಸುಡುವ ಇಂಧನ, ಅಗೆಯುವ ಮರಳು ಇವುಗಳ ಪ್ರಮಾಣ ಒಂದು ಮಟ್ಟದಲ್ಲಿ ನಿಂತು, ಕಲಿಕೆ, ಆರೋಗ್ಯ, ಕಲೆ, ಕುಶಲತೆಗಳು ಬೆಳೆಯುತ್ತಾ ಹೋಗುವ ಸಮಾಜವನ್ನು ಯಾವ ಭೌತನಿಯಮವೂ ತಡೆಯುವುದಿಲ್ಲ. ಪ್ರಮಾಣದ ಕೊನೆಯಿಲ್ಲದ ಇಮ್ಮಡಿಯನ್ನು ಮಾತ್ರ ಎಲ್ಲ ನಿಯಮಗಳೂ ತಡೆಯುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯಲ್ಲಿ ಹಾಸಿಗೆಯ ಉದ್ದವನ್ನು ಮೊದಲು ಅಳೆ ಎಂಬ ಸೂಚನೆಯೂ ಅಡಗಿದೆ.

ತರಗತಿಯಲ್ಲಿ ಮಾಡಿ ನೋಡಬಹುದಾದದ್ದು

ಶಿಕ್ಷಕರು ಈ ಅಳತೆಯನ್ನು ಮಕ್ಕಳಿಂದಲೇ ಮಾಡಿಸಬಹುದು.

1. ಪ್ರತಿ ವಿದ್ಯಾರ್ಥಿಯೂ ಒಂದು ವಾರ ತನ್ನ ಮನೆಯ ನೀರಿನ ಬಳಕೆಯನ್ನು ಬಕೆಟ್ ಲೆಕ್ಕದಲ್ಲೋ ಮೀಟರ್ ನೋಡಿಯೋ ಬರೆದಿಡಲಿ. ಅದನ್ನು ತಲೆಗೆ 135 ಲೀಟರ್ ಎಂಬ ಮಾನದಂಡದೊಡನೆ ಹೋಲಿಸಲಿ.

2. ಬೆಂಗಳೂರಿನ ಮಕ್ಕಳು ಆ ನೀರಿಗೆ ಸಾವಿರ ಲೀಟರಿಗೆ 1.8 ಯೂನಿಟ್‌ನಂತೆ ತಗಲುವ ವಿದ್ಯುತ್ತನ್ನು ಲೆಕ್ಕ ಹಾಕಲಿ. ಬೇರೆ ಊರಿನವರು ತಮ್ಮ ನೀರಿನ ಮೂಲದ ಆಳ ಅಥವಾ ಎತ್ತರವನ್ನು ಕೇಳಿ ತಿಳಿದು, ಇದೇ ಸೂತ್ರವನ್ನು ಬಳಸಲಿ.

3. ತೊಟ್ಟಿಕ್ಕುವ ಒಂದು ನಲ್ಲಿಯ ಕೆಳಗೆ ಹತ್ತು ನಿಮಿಷ ಲೋಟವಿಟ್ಟು ಅಳೆದು, ವರ್ಷದ ಸೋರಿಕೆಯನ್ನು ಕಂಡುಕೊಳ್ಳಲಿ.

4. ಶಾಲೆಯ ಮಾಳಿಗೆಯ ವಿಸ್ತೀರ್ಣವನ್ನು ಊರಿನ ಸರಾಸರಿ ಮಳೆಯಿಂದ ಗುಣಿಸಿ, ಆ ನೀರು ಶಾಲೆಗೆ ಎಷ್ಟು ದಿನ ಸಾಕಾದೀತು ಎಂದು ನೋಡಲಿ.

ನಾಲ್ಕೂ ಉತ್ತರಗಳನ್ನು ಒಂದೇ ಹಾಳೆಯಲ್ಲಿ ಬರೆದು ಶಾಲೆಯ ಗೋಡೆಗೆ ಅಂಟಿಸಿ. ಮುಂದಿನ ವರ್ಷ ಇದೇ ತಿಂಗಳು ಮತ್ತೆ ಅಳೆದು, ಎರಡೂ ಹಾಳೆಗಳನ್ನು ಪಕ್ಕಪಕ್ಕದಲ್ಲಿಡಿ. ಬಳಕೆ ಏರುತ್ತಿದೆಯೇ ಅಥವಾ ಒಂದು ಮಟ್ಟಕ್ಕೆ ಬಂದು ನಿಂತಿದೆಯೇ ಎಂಬುದು ಆ ಎರಡು ಹಾಳೆಗಳಿಂದಲೇ ತಿಳಿಯುತ್ತದೆ.